ಸಹಿ ಹಾಕುವ ಮೊದಲು ಕೇಳಿ: ಸಂಘದ ಸಹೋದರಿಯರ ಕಾನೂನು ಪ್ರಶ್ನೆಗಳು



ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಕಂತು ಬರೆದು, ನಿರ್ಣಯ ಪುಸ್ತಕಕ್ಕೆ ಸಹಿ ಹಾಕಿ ಚಾಪೆ ಮಡಚುವ ಹೊತ್ತಿಗೆ ಯಾರಾದರೊಬ್ಬರು ಕಾರ್ಯಕರ್ತೆಯ ಹತ್ತಿರ ಬಂದು ಮೆಲ್ಲನೆ, "ಅಕ್ಕಾ, ಒಂದು ಮಾತು ಕೇಳ್ಬೇಕಿತ್ತು" ಅನ್ನುವುದುಂಟು. ಎಲ್ಲರ ಎದುರು ಕೇಳಲು ನಾಚಿಕೆ. ಆದರೆ ಕೇಳುವ ಪ್ರಶ್ನೆ ನೋಡಿದರೆ ಹೆಚ್ಚುಕಡಿಮೆ ಎಲ್ಲರ ಮನೆಯದ್ದೂ ಅದೇ. ಅಂಥ ಕೆಲವು ಪ್ರಶ್ನೆಗಳನ್ನು ಈ ಪಾಠಕ್ಕೆ ಆರಿಸಿಕೊಂಡಿದ್ದೇವೆ. ಓದು ಬಲ್ಲವರು ಸಭೆಯಲ್ಲಿ ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ಮಧ್ಯೆ ನಿಲ್ಲಿಸಿ ಮಾತಾಡಿ.

"ವಕೀಲರಿಗೆ ಕೊಡೋಕೆ ದುಡ್ಡೆಲ್ಲಿದೆ?"

ಇದಕ್ಕೆ ಮೊದಲು ಉತ್ತರ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದೆಲ್ಲ ಕೇಳಿಯೂ ಪ್ರಯೋಜನವಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಬಿಪಿಎಲ್ ಕಾರ್ಡೇ ಬೇಕೆಂದಿಲ್ಲ, ಆದಾಯದ ಮಿತಿಯೂ ಇಲ್ಲ. ಹೆಂಗಸಾಗಿದ್ದರೆ ಸಾಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ. ಅಲ್ಲಿ ಒಂದು ಅರ್ಜಿ ಬರೆದು ಕೊಟ್ಟರೆ ವಕೀಲರನ್ನು ನೇಮಿಸಿಕೊಡುತ್ತಾರೆ, ಅವರ ಶುಲ್ಕ ನೀವು ಕೊಡಬೇಕಾಗಿಲ್ಲ. ಹೋಗುವುದಕ್ಕೆ ಮುಂಚೆ ವಿಚಾರಿಸಬೇಕೆಂದರೆ 15100ಕ್ಕೆ ಫೋನ್ ಮಾಡಿ.

"ಪುಕ್ಕಟೆ ವಕೀಲರು ಸರಿಯಾಗಿ ನೋಡಲ್ಲ" ಎಂಬ ಮಾತಿದೆ. ಕೆಲವು ಕಡೆ ಅದು ನಿಜವೂ ಇರಬಹುದು. ಹಾಗಾದರೆ ಅದೇ ಸಮಿತಿಗೆ ಹೇಳಿ ಬೇರೆ ವಕೀಲರನ್ನು ಕೇಳಬಹುದು. ಸಂಘದಿಂದ ಇಬ್ಬರು ಜೊತೆಗೆ ಹೋದರಂತೂ ಕೆಲಸ ಬೇಗ ಆಗುತ್ತದೆ.

"ಗಂಡ ಖರ್ಚಿಗೆ ಕೊಡ್ತಿಲ್ಲ, ಬೇರೆ ಇದ್ದಾನೆ. ಏನು ಮಾಡೋದು?"

ಮೊದಲು ಇದಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ನಂಬರ್ ಬದಲಾಗಿದೆ, ಹಕ್ಕು ಹಾಗೇ ಇದೆ. ತನ್ನನ್ನು ತಾನು ಸಾಕಿಕೊಳ್ಳಲಾಗದ ಹೆಂಡತಿ, ಮಕ್ಕಳು, ವಯಸ್ಸಾದ ತಂದೆತಾಯಿ ಜೀವನಾಂಶ ಕೇಳಬಹುದು. ವಿಚ್ಛೇದನವಾಗಿ ಮರುಮದುವೆ ಆಗದವಳೂ ಕೇಳಬಹುದು. ಗಂಡನ ಊರಿಗೇ ಹೋಗಿ ಕೇಸು ಹಾಕಬೇಕಾಗಿಲ್ಲ. ನೀವು ಈಗ ತವರಿನಲ್ಲಿದ್ದರೆ ಅಲ್ಲಿನ ಕುಟುಂಬ ನ್ಯಾಯಾಲಯದಲ್ಲಿ, ಅದಿಲ್ಲದ ಕಡೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ ಹಾಕಬಹುದು.

ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶ ಕೇಳಲು ಮರೆಯಬೇಡಿ. ಕೇಸು ಮುಗಿಯುವವರೆಗೆ ಒಲೆ ಉರಿಯಬೇಕಲ್ಲ! ಗಂಡನಿಗೆ ನೋಟಿಸು ಮುಟ್ಟಿದ 60 ದಿನಗಳಲ್ಲಿ ಇದನ್ನು ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕೆಂದು ಕಾನೂನೇ ಹೇಳುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲವನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಎಂದಿತು. "ನನಗೆ ಕೆಲಸವೇ ಇಲ್ಲ ಸ್ವಾಮಿ" ಎಂದು ಗಂಡ ಕೈಚೆಲ್ಲಿದರೆ? ಗಟ್ಟಿಮುಟ್ಟಾದ ಗಂಡಸು ಮೈ ಬಗ್ಗಿಸಿ ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು ಅದೇ ಕೋರ್ಟು 2022ರಲ್ಲಿ ಹೇಳಿದೆ. ನೀವು ಬೀಡಿ ಕಟ್ಟಿಯೋ ಹೊಲಿಗೆ ಮಾಡಿಯೋ ಸ್ವಲ್ಪ ಸಂಪಾದಿಸುತ್ತೀರಿ ಎಂಬ ಒಂದೇ ಕಾರಣಕ್ಕೂ ಜೀವನಾಂಶ ತಪ್ಪುವುದಿಲ್ಲ.

ಆದೇಶವಾದ ಮೇಲೂ ದುಡ್ಡು ಕೊಡದಿದ್ದರೆ ವಸೂಲಿಗೆ ಅರ್ಜಿ ಹಾಕಬೇಕು. ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಆದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಕೇಳಬೇಕು. "ಇವತ್ತಲ್ಲ ನಾಳೆ ಕೊಟ್ಟಾನು" ಅಂತ ಎರಡು ಮೂರು ವರ್ಷ ಕಾದು ಹಳೆಯ ಬಾಕಿ ಕಳೆದುಕೊಳ್ಳುವುದು ಹೀಗೆಯೇ.

ಹೊಡೆತ ಬಡಿತ, ಮನೆಯಿಂದ ಹೊರಗೆ ಹಾಕುವುದು ನಡೆಯುತ್ತಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಇದೆ. ಮನೆ ಗಂಡನ ಹೆಸರಲ್ಲೇ ಇದ್ದರೂ ಅದರಲ್ಲಿ ವಾಸಿಸುವ ಹಕ್ಕು ನಿಮಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಗೆ ಹೋಗಿ, ಅಂಗನವಾಡಿ ಟೀಚರನ್ನು ಕೇಳಿದರೆ ದಾರಿ ಹೇಳುತ್ತಾರೆ. ಅವಸರವಿದ್ದರೆ 181 ಅಥವಾ 112.

ನಮ್ಮ ಕ್ರೈಸ್ತ ಸದಸ್ಯೆಯರಿಗೆ ಒಂದು ಮಾತು. ಧರ್ಮಪ್ರಾಂತ್ಯದ ನ್ಯಾಯಮಂಡಳಿ ಮದುವೆಯನ್ನು ಅಸಿಂಧು ಎಂದು ಘೋಷಿಸಿದರೆ ಅದು ಧರ್ಮಸಭೆಯ ಮಟ್ಟಿಗೆ ಸರಿ. ಸರ್ಕಾರದ ಕಾನೂನಿನಲ್ಲಿ ಮದುವೆ ಮುಗಿಯಬೇಕಾದರೆ ಕೋರ್ಟಿನ ಡಿಕ್ರಿಯೇ ಬೇಕೆಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಅದಿಲ್ಲದೆ ಇನ್ನೊಂದು ಮದುವೆಯಾದರೆ ತೊಂದರೆಗೆ ಸಿಕ್ಕಿಬೀಳುತ್ತೀರಿ. ಹಾಗೆಯೇ, ಗಂಡ ಚರ್ಚಿನ ಕಾಗದ ತೋರಿಸಿ "ನೀನು ಈಗ ನನ್ನ ಹೆಂಡತಿ ಅಲ್ಲ, ಜೀವನಾಂಶ ಇಲ್ಲ" ಎಂದರೆ ಹೆದರಬೇಡಿ.

"ಲಾರಿಯವರು ಎರಡು ಲಕ್ಷ ಕೊಡ್ತೇವೆ ಅಂತಿದ್ದಾರೆ. ತಗೊಳ್ಳೋದಾ?"

ಈ ಪ್ರಶ್ನೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಮನೆ ನಡೆಸುವವನು ರಸ್ತೆಯಲ್ಲಿ ಸತ್ತಾಗ ತಿಥಿ ಮುಗಿಯುವ ಮೊದಲೇ ಯಾರೋ ಬರುತ್ತಾರೆ. ಬಿಳಿ ಹಾಳೆ, ಛಾಪಾ ಕಾಗದ, ಒಂದಷ್ಟು ನೋಟು. "ಕೋರ್ಟಿಗೆ ಹೋದ್ರೆ ಹತ್ತು ವರ್ಷ ಅಲೀಬೇಕು, ಈಗಲೇ ತಗೊಳ್ಳಿ." ದುಃಖದಲ್ಲಿರುವ ಹೆಂಗಸು, ಸುತ್ತ ನೆಂಟರು, ಆಸ್ಪತ್ರೆಯ ಸಾಲ. ಸಹಿ ಬಿದ್ದುಬಿಡುತ್ತದೆ.

ಕೋರ್ಟು ಹೇಗೆ ಲೆಕ್ಕ ಹಾಕುತ್ತದೆ ಅಂತ ಗೊತ್ತಿದ್ದರೆ ಆ ಎರಡು ಲಕ್ಷದ ಬೆಲೆ ತಿಳಿಯುತ್ತದೆ. ಸುಪ್ರೀಂ ಕೋರ್ಟು 2009 ಮತ್ತು 2017ರ ತೀರ್ಪುಗಳಲ್ಲಿ ಸೂತ್ರ ಹಾಕಿಕೊಟ್ಟಿದೆ. ನಮ್ಮ ಸಾಲದ ಬಡ್ಡಿ ಲೆಕ್ಕಕ್ಕಿಂತ ಇದು ಕಷ್ಟವೇನಲ್ಲ. ಒಬ್ಬ ಗಾರೆ ಕೆಲಸದವನಿಗೆ 38 ವರ್ಷ, ತಿಂಗಳಿಗೆ 15,000 ರೂಪಾಯಿ ಸಂಪಾದನೆ ಎಂದಿಟ್ಟುಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಹೀಗೆ ನಾಲ್ಕು ಜನ ಅವನನ್ನೇ ನಂಬಿದ್ದವರು.

ಅವನು ಬದುಕಿದ್ದರೆ ಮುಂದೆ ಕೂಲಿ ಹೆಚ್ಚುತ್ತಿತ್ತು. 40ರೊಳಗಿನ ಸ್ವಂತ ದುಡಿಮೆಯವನಿಗೆ ಅದಕ್ಕಾಗಿ ಶೇ. 40 ಸೇರಿಸುತ್ತಾರೆ. 15,000ಕ್ಕೆ 6,000 ಸೇರಿ 21,000. ಅವನ ಸ್ವಂತ ಖರ್ಚಿಗೆ ಸ್ವಲ್ಪ ಕಳೆಯಬೇಕು. ನಾಲ್ಕು ಜನ ಅವಲಂಬಿತರಿದ್ದರೆ ನಾಲ್ಕನೇ ಒಂದು ಭಾಗ, ಅಂದರೆ 5,250. ಉಳಿದದ್ದು ತಿಂಗಳಿಗೆ 15,750, ವರ್ಷಕ್ಕೆ 1,89,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 36ರಿಂದ 40 ವರ್ಷದವರಿಗೆ 15. ಒಟ್ಟು 28,35,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು, ಗಂಡನನ್ನು ಕಳೆದುಕೊಂಡದ್ದಕ್ಕೆ ಪರಿಹಾರ ಬೇರೆ. ಸಾವು ಅವನ ತಪ್ಪಿನಿಂದಲೂ ಸ್ವಲ್ಪ ಆಗಿದ್ದರೆ, ಸಂಪಾದನೆ ಸಾಬೀತಾಗದಿದ್ದರೆ ಮೊತ್ತ ಇಳಿಯುತ್ತದೆ, ನಿಜ. ಇಳಿದರೂ ಎರಡು ಲಕ್ಷ ಎಲ್ಲಿ, ಇದೆಲ್ಲಿ?

ಅದೂ ಅಲ್ಲದೆ ಲಾರಿಗೆ ವಿಮೆ ಇದ್ದರೆ ಈ ಹಣ ಕೊಡುವುದು ವಿಮಾ ಕಂಪನಿ. "ಪಾಪ, ಡ್ರೈವರೂ ಬಡವ, ಅವನ ಹೊಟ್ಟೆಗೆ ಹೊಡೆಯೋದು ಬೇಡ" ಎಂದು ನಮ್ಮವರು ಮರುಗುವುದು ಕೇಳಿದ್ದೇವೆ. ಮರುಗುವುದು ಒಳ್ಳೆಯ ಗುಣವೇ, ಆದರೆ ಪರಿಹಾರದ ಹಣ ಸಾಮಾನ್ಯವಾಗಿ ಅವನ ಜೇಬಿನಿಂದ ಹೋಗುವುದಿಲ್ಲ.

ಸತ್ತವಳು ಹೆಂಗಸಾದರೆ "ಅವಳು ಮನೇಲಿ ಸುಮ್ನೆ ಇದ್ದಳು" ಎಂದು ಬರೆಸಬೇಡಿ. 1989ರಲ್ಲಿ ಜಮ್‌ಶೆಡ್‌ಪುರದಲ್ಲಿ ನಡೆದ ಬೆಂಕಿ ದುರಂತದ ಕೇಸಿನಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಗೃಹಿಣಿಯ ಮನೆಗೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಬೆಲೆ ಕಟ್ಟಿತು. ಅದು ಆ ಕಾಲದ ಲೆಕ್ಕ. 2021ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಗೃಹಿಣಿಯ ದುಡಿಮೆಗೂ ಹೊರಗೆ ದುಡಿಯುವವರಂತೆ ಬೆಲೆ ಕಟ್ಟಿ, ಮುಂದಿನ ಹೆಚ್ಚಳವನ್ನೂ ಸೇರಿಸಬಹುದೆಂದು ಹೇಳಿತು. ಅಡಿಗೆ, ಮಕ್ಕಳು, ದನಕರು, ಮುದುಕರ ಸೇವೆ ಎಲ್ಲ ಬರೆಸಿ. ಸಂಘದ ಪುಸ್ತಕದಲ್ಲಿ ಅವಳ ಉಳಿತಾಯ, ಸಾಲ, ಹೈನುಗಾರಿಕೆ ದಾಖಲಾಗಿದ್ದರೆ ಅದೂ ಸಾಕ್ಷಿಯೇ.

ಎಲ್ಲಿ, ಯಾವಾಗ ಅರ್ಜಿ? ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಅಪಘಾತ ದೂರದ ಊರಿನಲ್ಲಿ ಆಗಿದ್ದರೂ ನೀವು ವಾಸಿಸುವ ಕಡೆಯೇ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು. ಇದು ಬಹಳ ಜನರಿಗೆ ಗೊತ್ತಿಲ್ಲ, ವರ್ಷದ ತಿಥಿ ಮುಗಿಯಲಿ ಎಂದು ಕಾಯುತ್ತಾರೆ. ಕಾಯಬೇಡಿ. ಆರು ತಿಂಗಳು ದಾಟಿಹೋಗಿದ್ದರೂ ಕೈಬಿಡುವ ಮೊದಲು ವಕೀಲರನ್ನು ಕೇಳಿ, ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ.

ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಗಾಯವಾಗಿದ್ದರೆ ಗಾಯದ ಪ್ರಮಾಣಪತ್ರ, ಔಷಧಿ ಅಂಗಡಿಯ ಚಿಕ್ಕ ಚೀಟಿಯವರೆಗೆ ಎಲ್ಲ ಬಿಲ್ಲು, ಲಾರಿಯ ನಂಬರು, ವಿಮೆಯ ವಿವರ. ಇವಿಷ್ಟನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿಡಿ. ವಕೀಲರಿಗೆ ಜೆರಾಕ್ಸ್ ಕೊಡಿ. "ಬಂದದ್ದರಲ್ಲಿ ನನಗೆ ಇಷ್ಟು ಪಾಲು" ಎಂದು ವಕೀಲರು ಮಾತಾಡಿದರೆ ಅದು ಅವರದೇ ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಇನ್ನು ಲೋಕ ಅದಾಲತ್‌ನಲ್ಲಿ ರಾಜಿಯಾಗುವುದು ಒಳ್ಳೆಯದೇ, ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಮೇಲಿನ ಲೆಕ್ಕ ಮಾಡಿಕೊಂಡೇ ಹೋಗಿ.

ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ? ಆಗಲೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ಯೋಜನೆಯಿಂದ ಸಿಗುತ್ತದೆ, ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ. 2025ರ ಮೇ ತಿಂಗಳಲ್ಲಿ ಬಂದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದು ಕಟ್ಟದೆ ಚಿಕಿತ್ಸೆ ಇದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗಿದೆಯೇ ನೋಡಿ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಆಗಿದ್ದರೆ ಅಪಘಾತದ ಸಾವಿಗೆ ಇನ್ನೂ 2 ಲಕ್ಷ ಬರಬೇಕು. ಇದನ್ನು ಕೇಳದೆ ಬಿಟ್ಟ ಮನೆಗಳು ಎಷ್ಟೋ.

"ಮಗಳಿಗೆ ಕುವೈಟಿನಲ್ಲಿ ಮನೆಗೆಲಸ ಇದೆಯಂತೆ, ಕಳಿಸೋದಾ?"

ಬೇಡ ಎಂದು ನಾವು ಹೇಳುವುದಿಲ್ಲ. ಕರಾವಳಿಯಲ್ಲಿ ಗಲ್ಫಿನ ದುಡ್ಡಿನಿಂದ ಎದ್ದ ಮನೆಗಳು, ಓದಿದ ಮಕ್ಕಳು ಎಷ್ಟಿಲ್ಲ? ಆದರೆ ಹೋಗುವ ದಾರಿ ಸರಿಯಿರಬೇಕು.

ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ "ಇಸಿಆರ್" ಪಾಸ್‌ಪೋರ್ಟ್ ಕೊಡುತ್ತಾರೆ. ಇಂಥವರು ಕುವೈಟ್, ಸೌದಿ, ಒಮಾನ್, ಯುಎಇ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು, ಹೆಂಗಸಾದರೆ 30 ವರ್ಷ ತುಂಬಿರಬೇಕು. 22ರ ಮಗಳನ್ನು "ವಿಸಿಟ್ ವೀಸಾದಲ್ಲಿ ಕಳಿಸ್ತೇನೆ, ಅಲ್ಲಿ ಹೋದ್ಮೇಲೆ ಬದಲಾಯಿಸ್ತೇನೆ" ಎಂದು ಏಜೆಂಟ್ ಹೇಳಿದರೆ ಈ ನಿಯಮವನ್ನು ತಪ್ಪಿಸುವುದಕ್ಕೇ ಹೇಳುತ್ತಿದ್ದಾನೆ ಎಂದು ತಿಳಿಯಿರಿ. ಹಾಗೆ ಹೋದವಳ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಸಂಬಳ ಕೊಡದಿದ್ದರೂ, ಹೊಡೆದರೂ ಅವಳೇ ಕಾನೂನು ಮುರಿದವಳಾಗುತ್ತಾಳೆ.

ಏಜೆಂಟರಿಗೆ ವಿದೇಶಾಂಗ ಸಚಿವಾಲಯದ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಿ, ಇ-ಮೈಗ್ರೇಟ್ ತಾಣದಲ್ಲಿ ಮಕ್ಕಳಿಂದ ನೋಡಿಸಿ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಬೇಕು. ಲಕ್ಷ ಕೇಳುವವನಿಗೆ ಕೊಡಲು ಸಂಘದಿಂದ ಸಾಲ ಕೇಳುವ ಅರ್ಜಿ ಬಂದರೆ ಪದಾಧಿಕಾರಿಗಳು ಮೊದಲು ರಸೀದಿ, ನೋಂದಣಿ ಕೇಳಲಿ. ಅದು ಅನುಮಾನವಲ್ಲ, ಕಾಳಜಿ. ಸರಿಯಾದ ದಾರಿಯಲ್ಲಿ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿಗೆ 10 ಲಕ್ಷದ ವಿಮೆ ಇದೆ.

ಕುವೈಟಿನ 2015ರ ಮನೆಗೆಲಸದವರ ಕಾನೂನಿನ ಪ್ರಕಾರ ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಾರಕ್ಕೊಂದು ರಜೆ ಇದೆ, ಮನೆಯೊಡೆಯ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಇದನ್ನು ಹೋಗುವವಳಿಗೆ ಬಾಯಿಪಾಠ ಮಾಡಿಸಿ. ಪಾಸ್‌ಪೋರ್ಟ್, ವೀಸಾ, ಕರಾರು ಮೂರರ ಜೆರಾಕ್ಸ್ ಮನೆಯಲ್ಲಿರಲಿ, ಫೋಟೋ ಎರಡು ಮೂರು ಜನರ ಮೊಬೈಲಿನಲ್ಲಿರಲಿ. ಫೋನ್ ನಿಂತುಹೋದರೆ ಏಜೆಂಟನ ಮನೆ ಬಾಗಿಲಲ್ಲಿ ಕೂತು ದಿನ ಕಳೆಯಬೇಡಿ. ಪ್ರವಾಸಿ ಭಾರತೀಯ ಸಹಾಯ ಕೇಂದ್ರದ 1800 11 3090ಕ್ಕೆ ಕರೆ ಮಾಡಿ, "ಮದದ್" ತಾಣದಲ್ಲಿ ದೂರು ದಾಖಲಿಸಿ, ಆ ಜೆರಾಕ್ಸುಗಳೊಂದಿಗೆ ಪೊಲೀಸ್ ಠಾಣೆಗೂ ಹೋಗಿ.

ಸಭೆಯಲ್ಲಿ ಮಾಡಲು

44 ವರ್ಷದ ಟೈಲರ್ ಒಬ್ಬಳು ಬಸ್ ಅಪಘಾತದಲ್ಲಿ ತೀರಿಕೊಂಡಳು. ತಿಂಗಳ ಸಂಪಾದನೆ 12,000. ಅವಲಂಬಿತರು ಕಾಯಿಲೆಯ ಗಂಡ ಮತ್ತು ಇಬ್ಬರು ಮಕ್ಕಳು. ಈ ವಯಸ್ಸಿಗೆ ಮುಂದಿನ ಹೆಚ್ಚಳ ಶೇ. 25, ಮೂವರು ಅವಲಂಬಿತರಿದ್ದರೆ ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಡಿತ, ಗುಣಕ 14. ಲೆಕ್ಕದ ಪುಸ್ತಕ ಬರೆಯುವವರಲ್ಲದೆ ಬೇರೆಯವರು ಬೋರ್ಡಿನಲ್ಲಿ ಮಾಡಲಿ. 16,80,000 ಬಂದರೆ ಸರಿ.