ಕಂಬಂ ಕಣಿವೆಯ ಮನೆಗೆ ಗಾಳಿಯಂತ್ರ: ಕೊಳ್ಳುವ ಮುನ್ನ ಎಂಟು ಸೂತ್ರ

ಕಂಬಂನಲ್ಲಿ ನಮ್ಮ ದೊಡ್ಡಮ್ಮನ ಮನೆ ಹೋದ ವರ್ಷ ಹೊಸದಾಯಿತು. ತೊಟ್ಟಿಯ ಮೇಲೆ ಶೀಟು ಮುಚ್ಚಿದರು. ಮರದ ಕಿಟಕಿ ಕಿತ್ತು ಯುಪಿವಿಸಿ ಕೂರಿಸಿದರು. ಬಾಗಿಲ ಮೇಲಿದ್ದ ಗವಾಕ್ಷಿಗೆ ಇಟ್ಟಿಗೆ ಇಟ್ಟು ಗಾರೆ ಮೆತ್ತಿ, ಮಲಗುವ ಕೋಣೆಗೆ ಎಸಿ ಹಾಕಿದರು. ಮೂರು ತಿಂಗಳಾಗುವಷ್ಟರಲ್ಲಿ ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯಿತು. "ಬೆಳಗ್ಗೆ ಎದ್ದರೆ ತಲೆ ಮೇಲೆ ಕಲ್ಲು ಹೊತ್ತ ಹಾಗಿರುತ್ತೆ ಕಣಪ್ಪಾ" ಎಂದು ದೊಡ್ಡಮ್ಮ ಅನ್ನತೊಡಗಿದರು. ಅವರ ಮಗ ಫೋನಿನಲ್ಲಿ ಒಂದು ಯಂತ್ರ ತೋರಿಸಿದ. ಗೋಡೆಗೆ ತೂತು ಕೊರೆದು ಕೂರಿಸುವ, ಒಂದೇ ಕೋಣೆಗೆ ಸಾಲುವ ಹೀಟ್ ರಿಕವರಿ ವೆಂಟಿಲೇಟರ್. ಹಾಕಿಸೋಣವಾ ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಂಬಂ, ಬೋಡಿ, ತೇನಿ, ದಿಂಡಿಗಲ್ ಕಡೆ ಮನೆ ರಿಪೇರಿಗೆ ಕೈಹಾಕಿರುವ ನಮ್ಮ ಕನ್ನಡ ಮನೆಗಳವರಿಗೆ ಉಪಯೋಗಕ್ಕೆ ಬಂದೀತು.

1. ಕಾಯಿಲೆ ಯಾವುದೆಂದು ಮೊದಲು ತಿಳಿಯಿರಿ

ಸ್ಪ್ಲಿಟ್ ಎಸಿ ಹೊರಗಿನಿಂದ ಗಾಳಿ ತರುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ಅದು ತರುವುದಿಲ್ಲ, ಕೋಣೆಯಲ್ಲಿರುವ ಗಾಳಿಯನ್ನೇ ತಿರುತಿರುಗಿಸಿ ತಂಪು ಮಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇಬ್ಬರು ಮಲಗಿದರೆ ಅವರು ಬಿಟ್ಟ ಉಸಿರು ಅಲ್ಲೇ ಉಳಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ಒಂದನ್ನು ತಂದು ಒಂದು ರಾತ್ರಿ ಇಟ್ಟು ನೋಡಿ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ ತೋರಿಸುತ್ತದೆ. ದೊಡ್ಡಮ್ಮನ ಕೋಣೆಯಲ್ಲಿ ಬೆಳಗಿನ ಐದು ಗಂಟೆಗೆ 2,000 ದಾಟಿತ್ತು. ತಲೆಭಾರದ ಗುಟ್ಟು ಅಲ್ಲಿತ್ತು. ಆ ಕೋಣೆಗೆ ಬೇಕಾದದ್ದು ಹೊಸ ಗಾಳಿ. ಆ ಗಾಳಿಯ ಜೊತೆ ಶಾಖವನ್ನೂ ಉಳಿಸಬೇಕೇ ಎಂಬುದು ಬೇರೆಯೇ ಪ್ರಶ್ನೆ.

2. ಯಂತ್ರದ ಕೆಲಸ ಅರ್ಥಮಾಡಿಕೊಳ್ಳಿ

ಕೊಳವೆಯೊಳಗೆ ಜೇನುಗೂಡಿನಂಥ ಪಿಂಗಾಣಿ ತಿರುಳು, ಅದರ ಬೆನ್ನಿಗೆ ಸಣ್ಣ ಫ್ಯಾನು. ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಫ್ಯಾನು ಒಳಗಿನ ಗಾಳಿಯನ್ನು ಹೊರದಬ್ಬುತ್ತದೆ. ಆಗ ತಿರುಳು ಕೋಣೆಯ ಬಿಸಿಯನ್ನೋ ತಂಪನ್ನೋ ಹೀರಿಟ್ಟುಕೊಳ್ಳುತ್ತದೆ. ಆಮೇಲೆ ಫ್ಯಾನು ತಿರುಗುಮುರುಗಾಗಿ ಹೊರಗಿನ ಗಾಳಿಯನ್ನು ಅದೇ ತಿರುಳಿನ ಮೂಲಕ ಒಳಗೆಳೆಯುತ್ತದೆ. ಎರಡು ಯಂತ್ರಗಳನ್ನು ಜೋಡಿಯಾಗಿ ಹಾಕಿದರೆ ಒಂದು ಉಸಿರು ಬಿಡುವಾಗ ಇನ್ನೊಂದು ಎಳೆದುಕೊಳ್ಳುತ್ತದೆ.

3. ನಿಮ್ಮೂರಿನ ರಾತ್ರಿಯ ಲೆಕ್ಕ ಹಾಕಿ

ದುಡ್ಡು ಉಳಿಯುವುದೂ ಪೋಲಾಗುವುದೂ ಈ ಲೆಕ್ಕದಲ್ಲೇ. ಗಂಟೆಗೆ 30 ಘನ ಮೀಟರ್ ಹೊಸ ಗಾಳಿ ಬಂದರೆ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವ್ಯಾಟ್ ಶಾಖ ಅದರ ಜೊತೆ ಬರುತ್ತದೆ. ಏಪ್ರಿಲ್ ರಾತ್ರಿ ಹೊರಗೆ 27 ಡಿಗ್ರಿ, ಎಸಿ ಕೋಣೆಯಲ್ಲಿ 25 ಎಂದುಕೊಳ್ಳಿ. ಎರಡು ಡಿಗ್ರಿಗೆ 20 ವ್ಯಾಟ್. ಅದನ್ನು ಹೊರಹಾಕಲು ಎಸಿಗೆ ತಗಲುವ ಕರೆಂಟು ಆರೇಳು ವ್ಯಾಟ್. ಎರಡು ಗಾಳಿಯಂತ್ರಗಳು ಹೆಚ್ಚುಕಡಿಮೆ ಅಷ್ಟನ್ನೇ ತಾವೇ ಕುಡಿಯುತ್ತವೆ! ಉಳಿತಾಯ ಎಲ್ಲಿ ಬಂತು? ಹೊರಗೆ 38 ಡಿಗ್ರಿ ಇರುವ ಮಧ್ಯಾಹ್ನ ಎಸಿ ಓಡಿಸುವ ಮನೆಗೆ ಒಂದಿಷ್ಟು ಲಾಭ ಸಿಕ್ಕೀತು, ಆದರೆ ಮೂವತ್ತು ನಲವತ್ತು ವ್ಯಾಟ್ ಕರೆಂಟಿಗಿಂತ ಬಹಳ ಹೆಚ್ಚಲ್ಲ. ಎಸಿಯೇ ಇಲ್ಲದ ಕೋಣೆಗಂತೂ ಇದು ಬೇಡವೇ ಬೇಡ.

ದೊಡ್ಡಮ್ಮನ ಮನೆಯಲ್ಲಿ ನಾವು ಮಾಡಿಸಿದ್ದು ಇಷ್ಟು: ಗವಾಕ್ಷಿಯ ಇಟ್ಟಿಗೆ ತೆಗೆಸಿ ಸೊಳ್ಳೆ ಜಾಲರಿ ಹಾಕಿಸಿದೆವು, ತೊಟ್ಟಿಯ ಶೀಟನ್ನು ಒಂದಡಿ ಎತ್ತಿಸಿ ಸುತ್ತಲೂ ಸಂದು ಬಿಡಿಸಿದೆವು, ಕೋಣೆಗೆ ಸದ್ದಿಲ್ಲದ ಸಣ್ಣ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದೆವು. ಈಗ ಬೆಳಗ್ಗೆ ಮೀಟರ್ 900ರ ಆಸುಪಾಸಿನಲ್ಲಿರುತ್ತದೆ. ಕಣಿವೆಯ ಬಹುಪಾಲು ಮನೆಗಳಿಗೆ ನಾನು ಹೇಳುವುದೂ ಇದನ್ನೇ.

ಮುಖ್ಯರಸ್ತೆಗೆ ಅಂಟಿದ, ಧೂಳು, ಲಾರಿ ಸದ್ದಿನಿಂದ ಕಿಟಕಿ ತೆರೆಯಲಾಗದ ಎಸಿ ಕೋಣೆಯಾದರೆ ಮಾತು ಬೇರೆ. ಅಲ್ಲಿ ಯಂತ್ರ ಕೊಳ್ಳಬಹುದು. ಆದರೆ ಅದು ಫಿಲ್ಟರಿಗಾಗಿ, ನೆಮ್ಮದಿಯ ನಿದ್ದೆಗಾಗಿ. ಕರೆಂಟ್ ಬಿಲ್ ಇಳಿಯುತ್ತದೆ ಎಂದು ಕೊಳ್ಳಬೇಡಿ.

4. ಬೆಟ್ಟದ ಮೇಲಿನ ಮನೆಗಾದರೆ ಧೈರ್ಯವಾಗಿ ಕೊಳ್ಳಿ

ದಿಂಡಿಗಲ್ ಜಿಲ್ಲೆಯದೇ ಆದ ಕೊಡೈಕನಾಲ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಅಲ್ಲಿ ಚಳಿಗಾಲದ ರಾತ್ರಿ 10 ಡಿಗ್ರಿಗೂ ಕೆಳಗಿಳಿಯುತ್ತದೆ. ಮಂಜು ಕವಿದರೆ ಕಿಟಕಿ ತೆರೆಯುವ ಹಾಗಿಲ್ಲ, ತೆರೆಯದಿದ್ದರೆ ಕಂಬಳಿಗೂ ಬೂಷ್ಟು. ಮಂಜಿನ ಗಾಳಿ ಎಂದರೆ ಒದ್ದೆ ಗಾಳಿ, ಅದನ್ನು ಒಳಗೆ ಬಿಟ್ಟರೆ ಕೋಣೆ ಇನ್ನೂ ಒದ್ದೆಯಾಗುತ್ತದೆ ಎಂದು ಹೆದರುವವರಿದ್ದಾರೆ. ನಿಜ ಹಾಗಿಲ್ಲ. 10 ಡಿಗ್ರಿಯಲ್ಲಿ ತುಂಬಿ ತುಳುಕುವಷ್ಟು ತೇವ ಹೊತ್ತ ಗಾಳಿ 18 ಡಿಗ್ರಿಗೆ ಬೆಚ್ಚಗಾದರೆ ಅದರ ತೇವಾಂಶ ಶೇ. 60ರ ಸುಮಾರಿಗೆ ಇಳಿಯುತ್ತದೆ. ಆ ಗಾಳಿ ಗೋಡೆಯನ್ನು ಒಣಗಿಸುತ್ತದೆ. ಹೀಟರ್ ಹಚ್ಚುವ ಮನೆಯಲ್ಲಿ ಒಂದು ಕೋಣೆಗೆ ರಾತ್ರಿಗೆ ಮುಕ್ಕಾಲು ಯೂನಿಟ್ ಕರೆಂಟೂ ಉಳಿದೀತು.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಬೇಡಿ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳುವುದಿಲ್ಲ. ಯಾವ ಗಾಳಿಯಂತ್ರವನ್ನೂ ನಂಬಿ ಆ ಕೆಲಸ ಮಾಡಬಾರದು.

5. ಡಬ್ಬಿಯ ಮೇಲಿನ ಅಂಕಿಯನ್ನು ಅರ್ಧ ಮಾಡಿ

ಡಬ್ಬಿಯ ಮೇಲೆ ಗಂಟೆಗೆ 50 ಘನ ಮೀಟರ್ ಎಂದಿದ್ದರೆ, ಅರ್ಧ ಹೊತ್ತು ಅದು ಗಾಳಿಯನ್ನು ಹೊರಹಾಕುತ್ತಿರುತ್ತದೆ. ಹಾಗಾಗಿ ನಿಮಗೆ ಸಿಗುವ ಹೊಸ ಗಾಳಿ 25. ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆಯಲ್ಲಿ ಇಬ್ಬರು ಮಲಗಿದರೆ ಗಂಟೆಗೆ ಮೂವತ್ತಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಗದ್ದಲದ ಅಂಕಿಯನ್ನೂ ಹೀಗೇ ಕೆದಕಿ ಕೇಳಿ: ಎಷ್ಟು ಡೆಸಿಬಲ್, ಎಷ್ಟು ದೂರದಿಂದ ಅಳೆದದ್ದು, ಯಾವ ಸ್ಪೀಡಿನಲ್ಲಿ? ಪೂರ್ತಿ ಗಾಳಿಯ ಅಂಕಿಯನ್ನು ಹೆಚ್ಚಿನ ಸ್ಪೀಡಿನಲ್ಲೂ, ನಿಶ್ಶಬ್ದದ ಅಂಕಿಯನ್ನು ಕಡಿಮೆ ಸ್ಪೀಡಿನಲ್ಲೂ ಕೊಟ್ಟಿರುವುದುಂಟು.

6. ಆಷಾಢದ ಗಾಳಿಗೆ ಎದುರಾಗಿ ಕೂರಿಸಬೇಡಿ

ನಮ್ಮ ಕಣಿವೆಗೆ ಇದೇ ದೊಡ್ಡ ವಿಷಯ. ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯ ಮುಂಗಾರಿನ ಗಾಳಿ ಘಟ್ಟದ ಸಂದಿಯಿಂದ ನುಗ್ಗಿ ಕಣಿವೆಯುದ್ದಕ್ಕೂ ಬೀಸುತ್ತದೆ. ಆಂಡಿಪಟ್ಟಿ ಕಡೆ ಸಾಲು ಸಾಲು ಗಾಳಿಗಿರಣಿಗಳು ನಿಂತಿರುವುದು ಈ ಗಾಳಿಯನ್ನು ನಂಬಿಯೇ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಗೋಡೆಯ ಮೇಲೆ ಸುಮಾರು 60 ಪಾಸ್ಕಲ್ ಒತ್ತಡ ಹಾಕುತ್ತದೆ. ಅಂಗೈಯಗಲದ ಫ್ಯಾನು ಅದರೆದುರು ಸೋಲುತ್ತದೆ. ಗಾಳಿ ಒಂದೇ ಸಮನೆ ಒಳನುಗ್ಗಿ, ಹೊರಹೋಗುವ ಸರದಿಯೇ ತಪ್ಪಿ, ತಿರುಳಿಗೆ ಉಳಿಸಲು ಏನೂ ಸಿಗುವುದಿಲ್ಲ. ಪಡುವಣ, ತೆಂಕಣ ಗೋಡೆ ಬಿಟ್ಟು ಮರೆಯಲ್ಲಿರುವ ಗೋಡೆ ಹುಡುಕಿ. ಜೋಡಿ ಹಾಕುವುದಾದರೆ ಎರಡನ್ನೂ ಒಂದೇ ಮಗ್ಗುಲಿಗೆ ಹಾಕಿ, ಆಗ ಎರಡರ ಮೇಲೂ ಒತ್ತಡ ಒಂದೇ. ಹೊರಬಾಯಿಗೆ ಗಾಳಿ ತಡೆಯುವ ಟೋಪಿ ಇರಲೇಬೇಕು.

7. ಬಚ್ಚಲಿಗೂ ಅಡುಗೆಮನೆಗೂ ಇದು ಬೇಡ

ಬಚ್ಚಲಿನ ಹಬೆ ತಿರುಳಿಗೆ ಹನಿಯಾಗಿ ಅಂಟಿ ಮುಂದಿನ ಸರದಿಯಲ್ಲಿ ಒಳಕ್ಕೇ ಮರಳುತ್ತದೆ. ಒಗ್ಗರಣೆಯ ಜಿಡ್ಡು ಅದರ ಕಣ್ಣುಗಳನ್ನು ಮುಚ್ಚುತ್ತದೆ. ಎರಡೂ ಕಡೆ ಮಾಮೂಲಿ ಎಕ್ಸಾಸ್ಟ್ ಫ್ಯಾನ್ ಸಾಕು.

8. ತೂತು ಕೊರೆಯುವ ಮುಂಚೆ ಗೋಡೆ ಅಳೆಯಿರಿ, ಫಿಲ್ಟರ್ ಕೇಳಿ

ಎಸಿ ಪೈಪಿನ ತೂತಿನ ಎರಡರಷ್ಟಕ್ಕೂ ಮೀರಿದ, 160 ಮಿ.ಮೀ. ಆಸುಪಾಸಿನ ತೂತು ಇದಕ್ಕೆ ಬೇಕು. ಸುತ್ತಿಗೆ ಉಳಿ ಹಿಡಿಯಲು ಬಿಡಬೇಡಿ, ಕೋರ್ ಕಟಿಂಗ್ ಮೆಷಿನ್ ತರಿಸಿ. ಪಿಲ್ಲರ್, ಬೀಮು, ಲಿಂಟಲ್ ಎಲ್ಲಿದೆ ಎಂದು ಮೇಸ್ತ್ರಿಯ ಜೊತೆ ನಿಂತು ಗುರುತು ಹಾಕಿ. ಹೊಸ ಮನೆಯ ಒಂಬತ್ತಿಂಚಿನ ಗೋಡೆಗೆ ಕೊಳವೆ ಉದ್ದವಾದೀತು, ಹಳೇ ಮನೆಯ ಒಂದೂವರೆ ಅಡಿ ಸುಣ್ಣದ ಗೋಡೆಗೆ ಗಿಡ್ಡವಾದೀತು. ಆರ್ಡರ್ ಕೊಡುವ ಮುಂಚೆಯೇ ಅಳತೆ ಹೇಳಿ. ತೂತು ಹೊರಕ್ಕೆ ತುಸು ಇಳಿಜಾರಾಗಿರಲಿ, ಐಪ್ಪಸಿ ಮಳೆ ಒಳಗೆ ಇಳಿಯಬಾರದು.

ಕರೆಂಟಿನ ಚಿಂತೆ ಬೇಡ. 5 ವ್ಯಾಟಿನ ಯಂತ್ರ ಹಗಲೂ ರಾತ್ರಿ ಓಡಿದರೂ ಎರಡು ತಿಂಗಳ ಬಿಲ್ಲಿಗೆ ಏಳು ಯೂನಿಟ್ ಚಿಲ್ಲರೆ. ಚಿಂತೆ ಇರಬೇಕಾದದ್ದು ಫಿಲ್ಟರಿನದು. ಕೈಪಿಡಿಯಲ್ಲಿ ಮೂರು ತಿಂಗಳಿಗೊಮ್ಮೆ ತೊಳೆಯಿರಿ ಎಂದಿದ್ದರೆ ದಿಂಡಿಗಲ್ಲಿನ ಧೂಳಿಗೆ ತಿಂಗಳಿಗೊಮ್ಮೆ ಬೇಕಾದೀತು. ಹೊಸ ಫಿಲ್ಟರ್ ಮಧುರೆಯಲ್ಲಾದರೂ ಸಿಗುತ್ತದೆಯೇ, ಫ್ಯಾನು ಕೆಟ್ಟರೆ ಯಾರು ಬರುತ್ತಾರೆ ಎಂದು ಅಂಗಡಿಯವರ ಹತ್ತಿರ ಬರೆಸಿಕೊಳ್ಳಿ. ಮತ್ತೆ, ಫಿಲ್ಟರ್ ತೆಗೆಯಲು ಏಣಿ ಬೇಕಾಗದಷ್ಟು ಎತ್ತರದಲ್ಲಿ ಕೂರಿಸಿ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಏಣಿ ಹತ್ತುವ ಕೆಲಸ ಹಚ್ಚಬಾರದು.