ಬಿಸಿಲನ್ನು ಗಾಜಿನಾಚೆಯೇ ತಡೆಯಿರಿ

ಮೇಲ್ಮಹಡಿಯ ಫ್ಲ್ಯಾಟು, ಪಡುವಣಕ್ಕೆ ಅಗಲವಾದ ಗಾಜು ಎಂದು ಬರೆದಿದ್ದೀರಿ. ಹೈದರಾಬಾದಿನ ಗಚ್ಚಿಬೌಲಿಯ ಮೇ ತಿಂಗಳಲ್ಲಿ ನಿಮ್ಮ ಎಸಿ ಹೆಣಗುತ್ತಿರುವುದು ಈ ಎರಡರ ಜೊತೆಗೇ. ಒಳಗಿನ ಪರದೆ ಸಾಲದು. ಬಿಸಿಲು ಗಾಜು ದಾಟಿತೆಂದರೆ ಶಾಖ ಒಳಗೇ ಉಳಿಯುತ್ತದೆ. ಬಾಲ್ಕನಿಯ ಹೊರಗೆ ಬಿದಿರಿನ ತಟ್ಟಿಯನ್ನೋ ಲಾವಂಚದ ಚಾಪೆಯನ್ನೋ ಇಳಿಬಿಡಿ. ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಲು ಸಂಘದವರನ್ನು ಒಪ್ಪಿಸಿ. ತೆಲಂಗಾಣ ಸರ್ಕಾರವೇ 2023ರಲ್ಲಿ ತಂಪು ತಾರಸಿ ನೀತಿ ತಂದಿದೆ, ಅದನ್ನು ಮುಂದಿಟ್ಟು ಮಾತಾಡಿ. ಹೈದರಾಬಾದಿನದು ಒಣ ಬೇಸಿಗೆ. ಮಂಗಳೂರಿನಲ್ಲಿ ಸೋಲುವ ಕೂಲರ್ ನಿಮ್ಮಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಓಡುವಾಗ ಒಂದು ಕಿಟಕಿ ಕೊಂಚ ತೆರೆದಿರಲಿ. ಉಳಿದವನ್ನು ಬೆಳಗಿನ ಎಂಟರೊಳಗೆ ಮುಚ್ಚಿ, ಕತ್ತಲಾದ ಮೇಲೆ ತೆರೆಯಿರಿ. ರಾತ್ರಿ ಎಸಿ ಬೇಕೇ ಎನಿಸಿದರೆ 26 ಡಿಗ್ರಿಗಿಟ್ಟು, ಜೊತೆಗೆ ಫ್ಯಾನ್ ಹಾಕಿ. ಅತ್ತೆಯವರಿಗೆ ಎಂಬತ್ತು ದಾಟಿದೆ ಎಂದಿದ್ದೀರಿ. ಅವರ ಕೋಣೆಯಲ್ಲಿ ಮಾತ್ರ ಕರೆಂಟಿನ ಉಳಿತಾಯ ನೋಡಬೇಡಿ.