ಗೇಟಿನಲ್ಲಿ ಎರಡು ಲೆಕ್ಕ

ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಗೇಟು ಕಾಯುವ ಕೆಲಸಕ್ಕೆ ಸಂಬಳವಿಲ್ಲ. ಒಂದು ಕಪ್ ಚಹಾ ಸಿಗುತ್ತದೆ, ಪುಣ್ಯವಿದ್ದರೆ ಮುಕ್ಕಾಲು ಆಟ ನೋಡಲು ಸಿಗುತ್ತದೆ. ನೌಕರಿಗೆಂದು ಬಂದು ಇಂಗ್ಲೆಂಡಿನ ಉತ್ತರ ಭಾಗದ ಪಟ್ಟಣವೊಂದರಲ್ಲಿ ನೆಲೆನಿಂತ ಮೇಲೆ ನಾನು ಹಚ್ಚಿಕೊಂಡ ಚಟವಿದು. ಬೆಂಗಳೂರಿನವರು ರಾತ್ರಿ ನಿದ್ದೆಗೆಟ್ಟು ಟಿವಿಯಲ್ಲಿ ನೋಡುವ ಪ್ರೀಮಿಯರ್ ಲೀಗ್ ಇಲ್ಲಿನ ಫುಟ್‌ಬಾಲಿನ ಮೊದಲನೇ ಹಂತವಾದರೆ ನಮ್ಮ ಕ್ಲಬ್ಬು ಒಂಬತ್ತನೆಯದರಲ್ಲಿದೆ. ಸಾಧಾರಣ ಶನಿವಾರ ಇನ್ನೂರೋ ಮುನ್ನೂರೋ ಜನ ಬರುತ್ತಾರೆ. ಕಾರ್ಯದರ್ಶಿ, ಖಜಾಂಚಿ, ಹುಲ್ಲು ಕತ್ತರಿಸುವವರು, ಕಡುಬಿನ ಹಾಗಿರುವ ಪೈ ಬಿಸಿ ಮಾಡಿ ಮಾರುವವರು ಎಲ್ಲರೂ ಸ್ವಯಂಸೇವಕರು, ಹೆಚ್ಚಿನವರು ನಿವೃತ್ತರು. ನನ್ನದು ಸಾಫ್ಟ್‌ವೇರ್ ಕೆಲಸವೆಂದು ಗೊತ್ತಾದದ್ದೇ ತಡ, ನಗದಿನ ಗೇಟನ್ನು ಕಾರ್ಡಿಗೂ ಆನ್‌ಲೈನ್ ಟಿಕೆಟ್ಟಿಗೂ ಹೊಂದಿಸುವ ಹೊಣೆಯನ್ನು ಸಮಿತಿ ನನ್ನ ತಲೆಗೆ ಕಟ್ಟಿತು.

ಬದಲಾವಣೆ ಬೇಕೇ ಎಂಬ ವಾದವೇನೂ ನಡೆಯಲಿಲ್ಲ. ಬ್ರಿಟನ್ನಿನಲ್ಲಿ ಡೆಬಿಟ್ ಕಾರ್ಡಿನ ಪಾವತಿಗಳು ಸಂಖ್ಯೆಯಲ್ಲಿ ನಗದನ್ನು ಹಿಂದಿಕ್ಕಿದ್ದು 2017ರಲ್ಲಿ. 2023ರ ಹೊತ್ತಿಗೆ ನೂರು ಪಾವತಿಗಳಲ್ಲಿ ನಗದಿನವು 12ಕ್ಕೆ ಇಳಿದಿದ್ದವು. ಪಿನ್ ಒತ್ತದೆ, ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಕೊಡಬಹುದಾದ ಮೊತ್ತ 2007ರಲ್ಲಿ 10 ಪೌಂಡ್ ಇದ್ದದ್ದು 2021ರ ಅಕ್ಟೋಬರಿನಲ್ಲಿ 100 ಪೌಂಡಿಗೆ ಏರಿತು. ಇಡೀ ಸಂಸಾರದ ಟಿಕೆಟ್ಟು ಒಂದೇ ಸಲಕ್ಕೆ ಮುಗಿಯುವಂತಾಯಿತು. ಇನ್ನೊಂದು ಕಡೆ ಪಟ್ಟಣದ ಬ್ಯಾಂಕ್ ಶಾಖೆ ಬಾಗಿಲು ಹಾಕಿತು. ಶನಿವಾರದ ಗಲ್ಲಾವನ್ನು ಖಜಾಂಚಿ ಮನೆಯಲ್ಲಿಟ್ಟುಕೊಂಡು ಸೋಮವಾರ ಪೋಸ್ಟ್ ಆಫೀಸಿನ ಸಾಲಿನಲ್ಲಿ ನಿಲ್ಲಬೇಕಿತ್ತು. ಎಪ್ಪತ್ತು ದಾಟಿದವರ ಕೈಗೆ ನಾಣ್ಯದ ಚೀಲ ಕೊಟ್ಟು ಕಳಿಸುವುದು ಯಾರಿಗೂ ಇಷ್ಟವಿರಲಿಲ್ಲ.

ಆದರೆ ಹಳೆಯ ಗೇಟು ಏನೇನು ಮಾಡುತ್ತಿತ್ತು ಎಂಬುದು ಅರ್ಥವಾಗಲು ಸಮಯ ಬೇಕಾಯಿತು. ಇಲ್ಲಿನ ಹಳೆ ಮೈದಾನಗಳಲ್ಲಿ ಕಬ್ಬಿಣದ ತಿರುಗುಗೇಟುಗಳಿರುತ್ತವೆ. ಸಾಲ್‌ಫರ್ಡಿನ ಎಲಿಸನ್ ಕಂಪನಿಯ ‘ರಷ್ ಪ್ರಿವೆಂಟಿವ್’ ಗೇಟುಗಳು ಈ ಪೈಕಿ ಹೆಸರಾದವು. ಒಳಗೆ ಕೂತವನು ದುಡ್ಡು ತೆಗೆದುಕೊಂಡು ಕಾಲಲ್ಲಿ ಪೆಡಲ್ ಒತ್ತುತ್ತಾನೆ. ಒಬ್ಬರು ಒಳಗೆ ಹೋಗುವಷ್ಟೇ ಗೇಟು ತಿರುಗುತ್ತದೆ, ಪಕ್ಕದ ಮೀಟರಿನಲ್ಲಿ ಒಂದು ಅಂಕಿ ಏರುತ್ತದೆ. ಗೇಟಿನವನು ಹಣ ಜೇಬಿಗಿಳಿಸಬಾರದೆಂಬ ಎಚ್ಚರಿಕೆಯೂ ಅದರಲ್ಲಿತ್ತು. ಆಟ ಮುಗಿದ ಮೇಲೆ ಮೀಟರಿಗೂ ಗಲ್ಲಾಕ್ಕೂ ತಾಳೆಯಾಗಲೇಬೇಕು. ಎಷ್ಟು ದುಡ್ಡು ಬಂತು, ಎಷ್ಟು ಜನ ಒಳಗಿದ್ದಾರೆ ಎಂಬ ಎರಡು ಲೆಕ್ಕಗಳನ್ನು ಆ ಕಬ್ಬಿಣ ಒಂದೇ ತಿರುವಿಗೆ ಕಟ್ಟಿಹಾಕಿತ್ತು. ಆನ್‌ಲೈನ್ ಟಿಕೆಟ್ ಬಂದ ದಿನ ಆ ಗಂಟು ಬಿಚ್ಚಿಕೊಳ್ಳುತ್ತದೆ.

ಹೇಗೆಂದರೆ, ಮಂಗಳವಾರವೇ ಟಿಕೆಟ್ ಕೊಂಡವರು ಶನಿವಾರ ಜ್ವರ ಬಂದು ಮಲಗುತ್ತಾರೆ. ಸೀಸನ್ ಟಿಕೆಟ್ಟಿನವರು ಪಕ್ಕದ ಗೇಟಿನಿಂದ ಕೈಬೀಸಿ ಒಳಗೆ ಹೋಗುತ್ತಾರೆ. ಹದಿನಾರರೊಳಗಿನ ಮಕ್ಕಳಿಗೆ ಪುಕ್ಕಟೆ, ಅವರಿಗೆ ಟಿಕೆಟ್ಟೇ ಇಲ್ಲ. ಆಟಗಾರರ ಮನೆಯವರು, ಎದುರಾಳಿ ಕ್ಲಬ್ಬಿನ ಸಮಿತಿಯವರು ಪಟ್ಟಿಯಲ್ಲಿ ಹೆಸರು ಹುಡುಕಿಸಿಕೊಂಡು ಬರುತ್ತಾರೆ. ಸಂಜೆ ಕಂಪ್ಯೂಟರು ಹೇಳುವ ‘ಮಾರಾಟ’ ಒಂದು, ಮೈದಾನದ ಸುತ್ತ ನಿಂತಿರುವ ತಲೆಗಳು ಇನ್ನೊಂದು.

ಈ ವ್ಯತ್ಯಾಸ ಖಜಾಂಚಿಯ ತಲೆನೋವು ಮಾತ್ರವಲ್ಲ. ಲೀಗ್ ಪಂದ್ಯದ ಗೇಟು ಹಣ ಆತಿಥೇಯ ಕ್ಲಬ್ಬಿನದು. ಆದರೆ ಆಗಸ್ಟಿನಲ್ಲಿ ನಮ್ಮಂಥ ಕ್ಲಬ್ಬುಗಳಿಂದ ಶುರುವಾಗುವ ಎಫ್‌ಎ ಕಪ್ ಎಂಬ ನಾಕೌಟ್ ಪಂದ್ಯಾವಳಿಯ ಆರಂಭದ ಸುತ್ತುಗಳಲ್ಲಿ ಖರ್ಚು ಕಳೆದು ಉಳಿದದ್ದನ್ನು ಎದುರಾಳಿಯೊಂದಿಗೆ ಹಂಚಿಕೊಳ್ಳಬೇಕು. ಎದುರು ಕ್ಲಬ್ಬಿನ ಖಜಾಂಚಿ ಲೆಕ್ಕದ ಹಾಳೆ ಕೇಳಿದಾಗ ನಗದು, ಕಾರ್ಡು, ಆನ್‌ಲೈನ್ ಮೂರೂ ಬೇರೆ ಬೇರೆ ಕಡೆಯಿಂದ ಬಂದು ಒಂದೇ ಮೊತ್ತಕ್ಕೆ ಕೂಡಬೇಕು. ನಮ್ಮ ಆನ್‌ಲೈನ್ ವ್ಯವಸ್ಥೆ ತನ್ನ ಶುಲ್ಕ ಮುರಿದುಕೊಂಡ ಮೇಲಿನ ಮೊತ್ತವನ್ನಷ್ಟೇ ತೋರಿಸುತ್ತಿತ್ತು. ಶುಲ್ಕ ಕ್ಲಬ್ಬಿನದೋ, ಇಬ್ಬರದೋ? ಇಂಥದ್ದನ್ನು ಪಂದ್ಯದ ಹಿಂದಿನ ವಾರ ಎರಡೂ ಕಡೆಯವರು ಬರೆದು ಒಪ್ಪಿಕೊಂಡಿದ್ದರೆ ಸಂಜೆಯ ಮುಖ ಸಿಂಡರಿಸುವಿಕೆ ಇರುವುದಿಲ್ಲ.

ತಲೆಯ ಲೆಕ್ಕ ಇನ್ನೂ ಗಂಭೀರವಾದದ್ದು. 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದ ಮೆಟ್ಟಿಲುಗಳ ಮೇಲೆ 66 ಜನ ಸತ್ತ ಮೇಲೆ ಬ್ರಿಟನ್ನಿನಲ್ಲಿ ಕ್ರೀಡಾಂಗಣ ಸುರಕ್ಷತೆಯ 1975ರ ಕಾಯಿದೆ ಬಂತು. ಕಾಯಿದೆ ಇದ್ದೂ 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೊದಲ್ಲಿ ಕಿಕ್ಕಿರಿದ ಜನರ ಒತ್ತಡ 97 ಜೀವ ತೆಗೆದುಕೊಂಡಿತು. ಅಲ್ಲಿ ತಿರುಗುಗೇಟುಗಳ ಎಣಿಕೆ ನಿಂತು ಆಟ ನೋಡುವ ಇಡೀ ಟೆರೇಸಿನದಾಗಿತ್ತು. ಗೋಲಿನ ಹಿಂದೆ ಬೇಲಿ ಹಾಕಿದ ಯಾವ ಭಾಗ ತುಂಬಿದೆ ಎಂಬುದನ್ನು ಅದು ಹೇಳುತ್ತಿರಲಿಲ್ಲ. ಹೊರಗಿನ ನೂಕುನುಗ್ಗಲು ತಗ್ಗಿಸಲು ನಿರ್ಗಮನದ ದೊಡ್ಡ ಗೇಟು ತೆರೆದಾಗ ಆ ಎಣಿಕೆಯೂ ತಪ್ಪಿತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತ ಸುದ್ದಿ ಓದಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೂರು ಜನರ ಮೈದಾನಕ್ಕೆ ಆ ಭಯ ಅತಿಯೆನಿಸಬಹುದು. ಆದರೆ ಕಪ್ ಪಂದ್ಯಕ್ಕೆ ದೊಡ್ಡ ಕ್ಲಬ್ಬು ಬಂದರೆ ಅದೇ ಮೈದಾನಕ್ಕೆ ಕೆಲವು ಪಟ್ಟು ಜನ ಬರುತ್ತಾರೆ. ಆ ದಿನ ‘ಒಳಗೆ ಎಷ್ಟು ಜನ?’ ಎಂದು ಸುರಕ್ಷತೆಯ ಅಧಿಕಾರಿ ಕೇಳಿದರೆ ‘ಇಷ್ಟು ಟಿಕೆಟ್ ಮಾರಿದ್ದೇವೆ’ ಎಂಬುದು ಉತ್ತರವಲ್ಲ. ಹಾಗಾಗಿ ಪಾವತಿ ಯಾವ ದಾರಿಯಲ್ಲೇ ಬರಲಿ, ಪ್ರತಿ ಗೇಟಿನಲ್ಲೂ ಒಬ್ಬರು ಕೈಯಲ್ಲಿ ಎಣಿಕೆಯ ಕ್ಲಿಕ್ಕರ್ ಹಿಡಿದು ನಿಲ್ಲುವ ನಿಯಮ ಮಾಡಿದೆವು. ಹಸುಗೂಸೂ ಒಂದು ಕ್ಲಿಕ್.

ಎರಡನೇ ಪಾಠ ಹೊತ್ತಿನದು. ಶನಿವಾರದ ಆಟ ಮೂರಕ್ಕೆ. ಎರಡೂವರೆಯವರೆಗೆ ಗೇಟಿನಲ್ಲಿ ನೊಣ ಹೊಡೆಯುವ ಕೆಲಸ. ಎರಡೂಮುಕ್ಕಾಲಿಗೆ ಕ್ಲಬ್ಬಿನ ಬಾರೂ ಪಕ್ಕದ ಪಬ್ಬೂ ಒಮ್ಮೆಲೇ ಖಾಲಿಯಾಗುತ್ತವೆ. ಸರಾಸರಿ ನೋಡಿ ಕೊಂಡ ಯಂತ್ರ ಆ ಕಾಲು ಗಂಟೆಯಲ್ಲಿ ಮಲಗುತ್ತದೆ. ಅದೇ ಹೊತ್ತಿಗೆ ಮೊಬೈಲ್ ಸಿಗ್ನಲ್ಲೂ ಸೊರಗುತ್ತದೆ, ಎಲ್ಲರ ಫೋನೂ ಒಂದೇ ಟವರಿಗೆ ಜೋತುಬಿದ್ದಿರುತ್ತದೆ. ಟಿಕೆಟ್ಟನ್ನು ಇಮೇಲಿನಲ್ಲಿ ಹುಡುಕುತ್ತ ಗೇಟಿನ ಬಾಯಲ್ಲಿ ನಿಂತವರು ಚಿಲ್ಲರೆ ಎಣಿಸುವವರಿಗಿಂತ ನಿಧಾನ. ಇದಕ್ಕೆ ನಮಗೆ ಸಿಕ್ಕ ಪರಿಹಾರಗಳು ಬಹಳ ಸರಳ: ಸ್ಕ್ಯಾನ್ ಮಾಡುವ ಫೋನಿಗೆ ಟಿಕೆಟ್ಟುಗಳ ಪಟ್ಟಿಯನ್ನು ಮೊದಲೇ ಇಳಿಸಿಟ್ಟುಕೊಂಡು ನೆಟ್ ಇಲ್ಲದೆಯೂ ನಡೆಯುವ ಹಾಗೆ ಮಾಡುವುದು, ಎರಡು ಯಂತ್ರಗಳಿಗೆ ಎರಡು ಬೇರೆ ಕಂಪನಿಯ ಸಿಮ್, ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಒಂದು ಪವರ್ ಬ್ಯಾಂಕ್, ‘ಟಿಕೆಟ್ ಈಗಲೇ ತೆರೆದಿಟ್ಟುಕೊಳ್ಳಿ’ ಎಂಬ ಫಲಕ ಗೇಟಿನಲ್ಲಲ್ಲ, ಪಾರ್ಕಿಂಗಿನಲ್ಲಿ. ವಿದ್ಯಾರ್ಥಿ, ನಿವೃತ್ತ, ಸೈನಿಕ, ನಿರುದ್ಯೋಗಿ ಎಂದು ಉದ್ದವಾಗಿದ್ದ ದರಪಟ್ಟಿಯನ್ನು ವಯಸ್ಕರು, ರಿಯಾಯಿತಿ, ಪುಕ್ಕಟೆಯ ಮಕ್ಕಳು ಎಂದು ಮೂರಕ್ಕೆ ಇಳಿಸಿದ್ದು ಎಲ್ಲ ಯಂತ್ರಗಳಿಗಿಂತ ಹೆಚ್ಚು ಹೊತ್ತು ಉಳಿಸಿತು.

ಊರಿಗೆ ಬಂದಾಗ ಈ ಕಥೆ ಹೇಳಿದರೆ ಗೆಳೆಯರು ನಗುತ್ತಾರೆ. ‘ಒಂದು ಕ್ಯೂಆರ್ ಕೋಡ್ ಅಂಟಿಸಿದ್ರೆ ಮುಗೀತಲ್ಲ ಮಾರಾಯ?’ ಬೆಂಗಳೂರಿನ ಎಳನೀರಿನ ಗಾಡಿಗೆ ಅದು ನಿಜ. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವುದಿಲ್ಲ. ಇಲ್ಲಿ ಪ್ರತಿ ಕಾರ್ಡು ಪಾವತಿಯಲ್ಲೂ ಒಂದಷ್ಟು ಪಾಲು ಯಂತ್ರದ ಕಂಪನಿಗೆ ಹೋಗುತ್ತದೆ. ಆ ಹೊರೆಯನ್ನು ಕಾರ್ಡು ತಂದವರ ಮೇಲೆ ಹಾಕೋಣವೆಂದರೆ 2018ರ ಜನವರಿಯಿಂದ ಕಾನೂನು ಬಿಡುವುದಿಲ್ಲ. ಹಾಗಾದರೆ ದರ ಏರಿಸಬೇಕು, ಇಲ್ಲವೇ ನುಂಗಿಕೊಳ್ಳಬೇಕು. ನಗದೇನು ಪುಕ್ಕಟೆಯಲ್ಲ, ಅದನ್ನು ಎಣಿಸಿ ಹೊತ್ತೊಯ್ಯುವವರ ದುಡಿಮೆಯ ಬೆಲೆ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ ಅಷ್ಟೇ. ಕೊನೆಗೆ ನಾವು ನುಂಗಿಕೊಂಡೆವು.

ಮಳೆಗಾಲವೆಂಬ ಪ್ರತ್ಯೇಕ ಕಾಲವಿಲ್ಲದ ಈ ದೇಶದಲ್ಲಿ ಮಳೆಯೂ ಟಿಕೆಟ್ಟಿನ ವಿಷಯವೇ. ಚಳಿಗಾಲದಲ್ಲಿ ರೆಫರಿ ಬೆಳಗ್ಗೆ ಬಂದು ಮೈದಾನದಲ್ಲಿ ಚೆಂಡು ಪುಟಿಸಿ ನೋಡಿ, ನೀರು ನಿಂತಿದ್ದರೆ ಪಂದ್ಯ ಮುಂದೂಡುತ್ತಾರೆ. ನಗದಿನ ಕಾಲದಲ್ಲಿ ಯಾರೂ ಇನ್ನೂ ದುಡ್ಡು ಕೊಟ್ಟಿರುತ್ತಿರಲಿಲ್ಲ. ತಲೆ ಕೆಡಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಈಗ ಮುಂಗಡ ಟಿಕೆಟ್ ಮಾರಿದವರು ಹಣ ವಾಪಸು ಕೊಡಬೇಕು. ಕೆಲವು ವ್ಯವಸ್ಥೆಗಳಲ್ಲಿ ವಾಪಸಾತಿ ಮಾಡಿದರೂ ಮೊದಲು ಮುರಿದುಕೊಂಡ ಶುಲ್ಕ ತಿರುಗಿ ಬರುವುದಿಲ್ಲ. ‘ಪಂದ್ಯ ಮುಂದೂಡಿದರೆ ಇದೇ ಟಿಕೆಟ್ ಹೊಸ ದಿನಾಂಕಕ್ಕೆ ನಡೆಯುತ್ತದೆ, ಬೇಡವೆಂದವರಿಗೆ ಹಣ ವಾಪಸು’ ಎಂಬ ಸಾಲನ್ನು ಮಾರಾಟಕ್ಕೆ ಮೊದಲೇ ಬರೆದಿಡುವುದು ಎಷ್ಟೋ ಫೋನ್ ಕರೆಗಳನ್ನು ತಪ್ಪಿಸುತ್ತದೆ.

ಯಾರ ಲೆಕ್ಕಕ್ಕೂ ಬಾರದಿದ್ದದ್ದು ರೆಫರಿಯ ಲಕೋಟೆ. ರೆಫರಿ ಮತ್ತು ಇಬ್ಬರು ಸಹಾಯಕರ ಸಂಭಾವನೆಯನ್ನು ಆಟ ಮುಗಿದ ಮೇಲೆ ನಗದಾಗಿ ಕೊಡುವುದು ನಮ್ಮಲ್ಲಿ ನಡೆದುಬಂದ ರೂಢಿ, ಅದು ಹೋಗುತ್ತಿದ್ದದ್ದು ಅದೇ ಗೇಟಿನ ಗಲ್ಲಾದಿಂದ. ಚಹಾ ಕೌಂಟರಿನ ಚಿಲ್ಲರೆಯೂ ಅಲ್ಲಿಂದಲೇ. ಕಾರ್ಡಿನ ಹಣ ಬ್ಯಾಂಕಿಗೆ ಬರಲು ಮುಂದಿನ ವಾರವಾಗಬೇಕು. ಸಂಜೆ ಐದಕ್ಕೆ ಲಕೋಟೆಗೆ ಹಾಕಲು ನೋಟಿಲ್ಲದ ಪರಿಸ್ಥಿತಿ ಬಂದ ಮೇಲೆ ರೆಫರಿಗಳಿಗೆ ಬ್ಯಾಂಕ್ ಮೂಲಕ ಕೊಡುವ ಪದ್ಧತಿ ಮಾಡಿಕೊಂಡೆವು. ಗೇಟಿನ ಪೆಟ್ಟಿಗೆ ಕ್ಲಬ್ಬಿನ ಪುಟ್ಟ ಬ್ಯಾಂಕೂ ಆಗಿತ್ತೆಂಬುದು ಅದನ್ನು ತೆಗೆದಾಗಲೇ ಗೊತ್ತಾದದ್ದು.

ನಗದನ್ನು ಪೂರ್ತಿ ನಿಲ್ಲಿಸೋಣ ಎಂಬ ಸಲಹೆಯೂ ಬಂತು. ಸಮಿತಿ ಒಪ್ಪಲಿಲ್ಲ, ಅದೇ ಸರಿ ಎಂದು ಈಗ ನನಗೂ ಅನ್ನಿಸುತ್ತದೆ. ಗೇಟಿಗೆ ನೋಟು ತರುವವರು ಕಡಿಮೆ, ಆದರೆ ಅವರೇ ಮಳೆಯಲ್ಲೂ ತಪ್ಪದೆ ಬರುವವರು. ಮೊದಲ ಗೋಲಿನ ನಿಮಿಷ ಊಹಿಸುವ ‘ಗೋಲ್ಡನ್ ಗೋಲ್’ ಚೀಟಿ, ವಿರಾಮದ ಲಾಟರಿ ಎಲ್ಲ ನಡೆಯುವುದು ಜೇಬಿನ ಒಂದು ಪೌಂಡ್ ನಾಣ್ಯದಿಂದ. ಗೇಟಿನಲ್ಲಿ ಚಿಲ್ಲರೆ ಹುಟ್ಟದಿದ್ದರೆ ಒಳಗೆ ಅದೂ ಬತ್ತುತ್ತದೆ. ಈಗ ಒಂದು ಗೇಟಿನಲ್ಲಿ ನಗದು, ಕಾರ್ಡು ಎರಡೂ ನಡೆಯುತ್ತವೆ, ಇನ್ನೊಂದರಲ್ಲಿ ಸ್ಕ್ಯಾನ್ ಮತ್ತು ಕಾರ್ಡು ಮಾತ್ರ.

ನೆರೆಯ ಕ್ಲಬ್ಬುಗಳವರು ಈಗ ‘ಯಾವ ಯಂತ್ರ ಕೊಳ್ಳಲಿ, ಯಾವ ಆ್ಯಪ್ ಒಳ್ಳೆಯದು’ ಎಂದು ಕೇಳುತ್ತಾರೆ. ಯಂತ್ರಗಳು ಹೆಚ್ಚುಕಡಿಮೆ ಒಂದೇ, ಎರಡು ವರ್ಷಕ್ಕೆ ಬದಲಾಗುತ್ತವೆ. ನಾನು ಹೇಳುವುದಿಷ್ಟೇ: ಮೊದಲು ಒಂದು ಹಾಳೆ ತೆಗೆದುಕೊಳ್ಳಿ, ನಿಮ್ಮ ಗೇಟಿನ ದುಡ್ಡು ಎಲ್ಲೆಲ್ಲಿಗೆ ಹೋಗುತ್ತಿದೆ ಎಂದು ಬರೆಯಿರಿ, ಗೇಟಿನಲ್ಲಿ ದುಡ್ಡು ಕೊಡದೆ ಒಳಗೆ ಬರುವವರು ಯಾರ್ಯಾರು ಎಂದು ಪಕ್ಕದಲ್ಲಿ ಬರೆಯಿರಿ. ಆಮೇಲೆ ಅಂಗಡಿಗೆ ಹೋದರೆ ಮೊದಲು ಒಂದು ಎಣಿಕೆಯ ಕ್ಲಿಕ್ಕರ್ ಕೊಳ್ಳಿ. ಕಾರ್ಡ್ ಯಂತ್ರ ಎರಡನೆಯದಾಗಲಿ.